ಸಾವಿನ ಮನೆಯ ಚೀಟಿಗೆ ತಾರೀಕು

ಇಸೋಯಾ ಮನೆಯಲ್ಲಿ ಅತ್ತೆಯ ಮನಸ್ಸು ತಿಳಿಯಬೇಕಾದರೆ ಅವಳ ಮಾತು ಕೇಳಬೇಕಾಗಿಲ್ಲ, ಅವಳು ಮೂಲಂಗಿ ಉಪ್ಪಿನಕಾಯಿ ಅಗಿಯುವ ಸದ್ದು ಕೇಳಿದರೆ ಸಾಕು. ಮೆಲ್ಲಗೆ ಅಗಿದರೆ ಎಲ್ಲಾ ಸರಿಯಿದೆ. ಕರುಂಕುರುಂ ಎಂದರೆ ಹೇಳುವುದು ಏನೋ ಇದೆ, ಆದರೆ ಹೇಳುವುದಿಲ್ಲ ಎಂದರ್ಥ. ಏಪ್ರಿಲ್ ಕೊನೆಯ ಆ ಬೆಳಿಗ್ಗೆ ಅತ್ತೆ ತೋಮಿಯೆಯ ಹಲ್ಲಿನ ಸದ್ದು ನಮ್ಮ ಬೀದಿಗೇ ಕೇಳುತ್ತಿತ್ತು. ಎಪ್ಪತ್ತು ದಾಟಿದರೂ ಹೆಂಗಸಿಗೆ ಹಲ್ಲು ಗಟ್ಟಿ.

"ಒಂದೂ ಬರ್ಲಿಲ್ಲ ನೋಡಿ," ಅಂದಳು ಸೊಸೆ ಮಾಸುಮಿ, ಮಿಸೋ ಸಾರು ಬಡಿಸುತ್ತಾ. "ಅಷ್ಟು ಚೀಟಿ ಹಂಚಿದ್ವಿ. ಒಂದೇ ಒಂದು ವಾಪಸ್ ಬಂತಾ? ತಾರೀಕು ಬೇರೆ ಮುಗೀತಾ ಬಂತು."

"ಒಳ್ಳೇದೇ ಆಯ್ತಲ್ಲ," ಅಂದ ಗಂಡ ತಾಕುಜಿ. "ಮೀನು ಉಳೀತು, ಅಕ್ಕಿ ಉಳೀತು. ಬಿಟ್ಟಿ ಬರೋರು ಬರದೇ ಇದ್ರೆ ಅಳೋದ್ಯಾಕೆ?"

"ಬಿಟ್ಟಿ ಊಟ ಅಂದ್ರೆ ಬಿಡೋ ಊರಾ ಅಪ್ಪ ಇದು?" ಮಗಳು ಚಿಜುರು ನಕ್ಕಳು. ಅವಳಿಗೆ ಹತ್ತೊಂಬತ್ತು, ಅಂಚೆ ಕಚೇರಿಯಲ್ಲಿ ಕೆಲಸ, ಊರಿನ ಸುದ್ದಿಯೆಲ್ಲ ಅವಳ ಕಿಟಕಿಯ ಮುಂದೆಯೇ ಹಾದುಹೋಗಬೇಕು. "ಮೀನುಗಾರರ ಸಂಘದ ಆಫೀಸಲ್ಲಿ ಬಿಸ್ಕತ್ತು ಹಂಚ್ತಾರೆ ಅಂದ್ರೆ ಮೊಮ್ಮಕ್ಕಳನ್ನೆಲ್ಲ ಎಳ್ಕೊಂಡು ಬರ್ತಾರೆ. ಇಲ್ಲಿ ಬಿಸಿನೀರ ಸ್ನಾನ, ಮೀನಿನೂಟ, ಹಾಸಿಗೆ. ಒಬ್ರೂ ಇಲ್ಲ! ಏನೋ ಇದೆ."

"ಅದೇ ನಾನೂ ಕೇಳ್ತಿರೋದು," ಅಂದಳು ಮಾಸುಮಿ. "ಯಾಕೆ ಅಂತ?"

ಕರುಂಕುರುಂ, ಅಂದಿತು ಮೂಲಂಗಿ.

ವಿಷಯ ಇಷ್ಟು. ಇಸೋಯಾ ಅಂದರೆ ನಮ್ಮ ಕಡಲಂಚಿನಲ್ಲಿರುವ ಐದು ಕೋಣೆಯ ತಂಗುಮನೆ. ಅದರ ಯಜಮಾನ ಕುನಿಜೊ ಹಿಂದಿನ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಸಾವಾದರೆ ಊರವರು ಲಕೋಟೆಯಲ್ಲಿ ಕೈಲಾದಷ್ಟು ಹಣ ಇಟ್ಟು ತರುತ್ತಾರೆ. ನಲವತ್ತೊಂಬತ್ತನೆಯ ದಿನದ ಕರ್ಮ ಕಳೆದ ಮೇಲೆ ಮನೆಯವರು ಅದರ ಅರ್ಧ ಬೆಲೆಯದ್ದೇನಾದರೂ ಹಿಂದಕ್ಕೆ ಕಳಿಸಬೇಕು. ಚಹಾಪುಡಿಯೋ, ಒಣಗಿದ ಕಡಲಪಾಚಿಯೋ, ಸಕ್ಕರೆಯೋ, ಅಂತೂ ತಿಂದು ಕುಡಿದು ಮುಗಿದುಹೋಗುವಂಥದ್ದು. ಸತ್ತವರ ದುಃಖ ಇನ್ನೊಬ್ಬರ ಮನೆಯ ಕಪಾಟಿನಲ್ಲಿ ಉಳಿಯಬಾರದು ನೋಡಿ.

ಕುನಿಜೊ ಎಂಥ ಮನುಷ್ಯ ಎಂದರೆ ಹತ್ತು ಊರಿನವರು ಅವನ ಸಾವಿಗೆ ಬಂದಿದ್ದರು. ಅಷ್ಟು ಮನೆಗೆ ಚಹಾಪುಡಿ ಕಳಿಸಲು ಕೈಯಲ್ಲಿ ಕಾಸಿರಲಿಲ್ಲ. ಮಾಸುಮಿಗೊಂದು ಉಪಾಯ ಹೊಳೆಯಿತು. ನಮ್ಮಲ್ಲಿರುವುದು ಕೋಣೆ, ಬಿಸಿನೀರು, ಮೀನು, ಅದನ್ನೇ ಕೊಡೋಣ. ಕಡಿಮೆ ಕೊಟ್ಟವರಿಗೆ ಸ್ನಾನ ಮತ್ತು ಊಟದ ಚೀಟಿ, ಹೆಚ್ಚು ಕೊಟ್ಟವರಿಗೆ ಒಂದು ರಾತ್ರಿ ತಂಗುವ ಚೀಟಿ. ದಪ್ಪ ಕಾಗದದಲ್ಲಿ ಚೆಂದವಾಗಿ ಅಚ್ಚು ಹಾಕಿಸಿದಳು. ಕೆಳಗೆ ಚಿಕ್ಕ ಅಕ್ಷರದಲ್ಲಿ, ಈ ಚೀಟಿ ಏಪ್ರಿಲ್ ಕೊನೆಯವರೆಗೆ ಮಾತ್ರ ನಡೆಯುತ್ತದೆ ಎಂದಿತ್ತು. ವರ್ತಕರ ಸಂಘದ ಸಲಹೆಗಾರ ಅವಳಿಗೆ ಹೇಳಿದ್ದ: ಸಣ್ಣ ತಂಗುಮನೆಯವರು ಚೀಟಿಗೆ ಆರು ತಿಂಗಳ ಮೇಲೆ ಅವಧಿ ಇಡಬಾರದು, ಇಟ್ಟರೆ ಸರ್ಕಾರದ ಕಟ್ಟಳೆ ಮೈಮೇಲೆ ಬರುತ್ತೆ, ಯಾವತ್ತೋ ಹಬ್ಬದ ದಿನ ಎಲ್ಲರೂ ಒಟ್ಟಿಗೆ ಬಂದು ಕೂತರೆ ಮನೆ ಮುಳುಗುತ್ತೆ.

ಆಗ ಅತ್ತೆ ಒಂದೇ ಮಾತು ಕೇಳಿದ್ದಳು. "ಮುಗಿದುಹೋಗೋ ವಸ್ತು ಕೊಡ್ಬೇಕು ಅಂತಾರಲ್ಲ?"

"ತಾರೀಕು ಮುಗಿದ್ರೆ ಇದೂ ಮುಗೀತಲ್ಲ ಅತ್ತೆ!" ಎಂದಿದ್ದಳು ಸೊಸೆ, ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟು.

ತೋಮಿಯೆ ಆಮೇಲೆ ತುಟಿ ಬಿಚ್ಚಲಿಲ್ಲ. ಸೊಸೆಯ ಪಕ್ಕದಲ್ಲೇ ಕೂತು ಅಷ್ಟೂ ಲಕೋಟೆಗೆ ಅಂಟು ಹಚ್ಚಿದಳು.

ಚೀಟಿ ಬರದಿದ್ದರೆ ಹೋಗಲಿ. ಅದರ ಜೊತೆ ಊರಿನವರೇ ಬರುವುದು ಬಿಟ್ಟಿದ್ದರು. ಏಡಿ ಸಿಗುವ ಚಳಿಗಾಲದಲ್ಲಿ ಪಟ್ಟಣದವರು ಬರುತ್ತಾರೆ, ಸರಿ. ಮಿಕ್ಕ ತಿಂಗಳು ಇಸೋಯಾ ಉಸಿರಾಡುವುದೇ ಊರವರಿಂದ. ಮೀನುಗಾರರ ಸಂಘದ ಕೂಟ, ಹಳೆ ವಿದ್ಯಾರ್ಥಿಗಳ ಕೂಟ, ಯಾರದೋ ಮೂರನೇ ವರ್ಷದ ತಿಥಿಯೂಟ. ಈ ಸಲ ಸಂಘದವರು ಹೊಸವರ್ಷದ ಕೂಟವನ್ನು ಪಕ್ಕದೂರಿನ ಹೋಟೆಲಿನಲ್ಲಿ ಮಾಡಿದರು. ಶಾಲೆಯ ಮೇಷ್ಟ್ರುಗಳ ಬೀಳ್ಕೊಡುಗೆಯೂ ಅಲ್ಲೇ ಆಯಿತು. ಮೇ ತಿಂಗಳಲ್ಲಿ ಇಸೋಯಾದ ದೊಡ್ಡ ಹಜಾರದ ಚಾಪೆಗಳ ಮೇಲೆ ಒಬ್ಬರೂ ಕೂರಲಿಲ್ಲ, ಮಾಸುಮಿ ಮಾತ್ರ ದಿನಾ ಒರೆಸುತ್ತಿದ್ದಳು.

"ಮಾಯಿಜುರು ಪಟ್ಟಣದ ಶೀತಲಗೃಹದಲ್ಲಿ ಲಾರಿ ಓಡಿಸೋಕೆ ಜನ ಬೇಕಂತೆ," ಅಂದ ತಾಕುಜಿ ಒಂದು ದಿನ, ಸುಟ್ಟ ಮೀನಿನ ಮುಳ್ಳು ಬಿಡಿಸುತ್ತಾ. "ಆಗಸ್ಟಿನ ಬೋನ್ ಹಬ್ಬ ಮುಗಿಯೋದ್ರೊಳಗೆ ಹೇಳ್ಬೇಕು. ನಾನು ಹೋದ್ರೆ ಇಲ್ಲಿ ಅಡುಗೆ ಮಾಡೋರಿಲ್ಲ. ಮುಚ್ಚಿಬಿಡೋಣ."

"ಮುಚ್ಚಿ?" ಮಾಸುಮಿಯ ಚಮಚ ಸಾರಿನ ಬಟ್ಟಲಿಗೆ ಬಿತ್ತು. "ಇಪ್ಪತ್ತು ವರ್ಷ ಈ ಮನೆ ಚಾಪೆ ಒರೆಸಿದ್ದು ಮುಚ್ಚೋದಕ್ಕೇನ್ರೀ?"

"ಒರೆಸಿದ್ರೆ ಜನ ಬರ್ತಾರಾ?"

"ಅಮ್ಮ, ನೀವಾದ್ರೂ ಏನಾದ್ರೂ ಹೇಳಿ," ಅಂತ ಮಾಸುಮಿ ಅತ್ತೆಯತ್ತ ತಿರುಗಿದಳು. ಕಷ್ಟ ಬಂದಾಗ ಅವಳ ಬಾಯಲ್ಲಿ ಅತ್ತೆ ಹೋಗಿ ಅಮ್ಮ ಬರುತ್ತಿತ್ತು.

"ಮನೆ ನಿಮ್ದು," ಅಂದಳು ತೋಮಿಯೆ. "ನನ್ನನ್ನೇನು ಕೇಳ್ತೀರಾ?"

ಮಾಸುಮಿ ಸುಮ್ಮನೆ ಕೂರುವ ಹೆಂಗಸಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿದಳು. ಎಲ್ಲರೂ ಬೆಣ್ಣೆಯಂಥ ಮಾತಾಡಿದರು. "ಹೂಂ ಹೂಂ, ಖಂಡಿತ ಬರ್ತೀವಿ, ಇವತ್ತಲ್ಲ ನಾಳೆ." "ಆ ಚೀಟಿಯಾ? ಎಷ್ಟು ಚೆನ್ನಾಗಿದೆ ಕಾಗದ!"

"ಅಮ್ಮಾ, ಇವತ್ತಲ್ಲ ನಾಳೆ ಅಂದ್ರೆ ಯಾವತ್ತೂ ಇಲ್ಲ ಅಂತ," ಅಂದಳು ಚಿಜುರು. "ನೀನು ಈ ಊರಿಗೆ ಬಂದು ಇಪ್ಪತ್ತು ವರ್ಷ ಆಯ್ತು, ಇನ್ನೂ ಓಸಾಕಾದವರ ಥರ ಮಾತು ನಂಬ್ತೀಯಲ್ಲ."

"ತಾರೀಕು ಮುಗೀತು ಅಂತ ಸಂಕೋಚ ಪಡ್ತಿದಾರೆ ಅನ್ಸುತ್ತೆ," ಅಂದಳು ಮಾಸುಮಿ. "ಮುಂದಕ್ಕೆ ಹಾಕೋಣ!"

ಜೂನಿನಲ್ಲಿ ಎಲ್ಲರ ಮನೆಗೂ ಒಂದು ಕಾರ್ಡು ಹೋಯಿತು. ನಿಮ್ಮ ಚೀಟಿಯ ಅವಧಿಯನ್ನು ಜುಲೈ ಕೊನೆಯವರೆಗೆ ವಿಸ್ತರಿಸಿದ್ದೇವೆ, ದಯವಿಟ್ಟು ಬನ್ನಿ. ಕಾರ್ಡುಗಳಿಗೆ ಮುದ್ರೆ ಹೊಡೆದವಳು ಚಿಜುರು. ತೋಮಿಯೆ ಒಂದು ಕಾರ್ಡನ್ನು ಕೈಗೆತ್ತಿಕೊಂಡು, ಕಣ್ಣಿನಿಂದ ದೂರ ಹಿಡಿದು ಓದಿ, ಕೆಳಗಿಟ್ಟು, "ಜುಲೈ ಕೊನೆ," ಅಂದಳು. ಅಷ್ಟೇ.

ಆಮೇಲೆ ಆದದ್ದು ವಿಚಿತ್ರ. ತೋಫು ಮಾಡುವ ಗಿಂಜಿ ಮುದುಕ ನಲವತ್ತು ವರ್ಷದಿಂದ ಬೆಳಿಗ್ಗೆ ತೋಫು ತಂದುಕೊಟ್ಟು, ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದು, ಕುನಿಜೊನನ್ನು ರೇಗಿಸಿ, ಆಮೇಲೆ ಮುಂದಿನ ಮನೆಗೆ ಹೋಗುತ್ತಿದ್ದ. ಯಜಮಾನ ಹೋದ ಮೇಲೂ ಅರ್ಧ ಲೋಟ ಚಹಾಕ್ಕಾದರೂ ಕೂರುತ್ತಿದ್ದ. ಕಾರ್ಡು ತಲುಪಿದ ಮಾರನೆಯ ದಿನದಿಂದ ಡಬ್ಬಿ ಬಾಗಿಲ ಹೊರಗಿಟ್ಟು, "ತೋಫು!" ಅಂತ ಕೂಗಿ ಹೊರಟೇಬಿಡುತ್ತಿದ್ದ. ಮಾಸುಮಿ ಕೈ ಒರೆಸಿಕೊಂಡು ಓಡಿ ಬರುವಷ್ಟರಲ್ಲಿ ಅವನ ಸೈಕಲ್ಲು ತಿರುವಿನಲ್ಲಿರುತ್ತಿತ್ತು.

ಇದಕ್ಕಿಂತ ಹೆಚ್ಚು ಅವಳಿಂದ ತಡೆಯಲಾಗಲಿಲ್ಲ. ಮೊದಲು ವರ್ತಕರ ಸಂಘಕ್ಕೆ ಫೋನು ಮಾಡಿ, ನೀವು ಹೇಳಿದ ಹಾಗೇ ಆರು ತಿಂಗಳ ತಾರೀಕು ಹಾಕಿದೆ, ಜನ ಮುಖ ತಿರುಗಿಸ್ತಿದಾರಲ್ಲ ಎಂದು ಸಲಹೆಗಾರನನ್ನೇ ಕೇಳಿದಳು.

"ಯಾವ ಚೀಟಿ ಅಮ್ಮ? ಮಾರೋ ಚೀಟಿ ತಾನೇ?"

"ಅಲ್ಲ, ಮಾವನ ಸಾವಿಗೆ ಹಿಂದಿರುಗಿಸಿದ್ದು."

"ಅಲ್ಲಮ್ಮ, ನಾನು ಹೇಳಿದ್ದು ದುಡ್ಡು ತಗೊಂಡು ಮಾರೋ ಉಡುಗೊರೆ ಚೀಟಿಗೆ. ಸಾವಿನ ಚೀಟಿಗೆ ತಾರೀಕು ಹಾಕಿ ಅಂತ ನಾನು ಯಾವಾಗ ಹೇಳ್ದೆ? ಅಂಥದ್ದನ್ನ ಯಾರಾದ್ರೂ ಮಾಡ್ತಾರಾ?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು ಅವಳ ಪಾಡು. ಆದರೂ ಪೂರ್ತಿ ಅರ್ಥವಾಗಿರಲಿಲ್ಲ. ಯಾರಾದ್ರೂ ಮಾಡ್ತಾರಾ ಅಂದ್ರೆ ಏನು? ಮಾಡಿದರೆ ಏನಾಗುತ್ತೆ? ಏಪ್ರನ್ನು ಬಿಚ್ಚದೇ ತೋಫು ಅಂಗಡಿಗೆ ನಡೆದಳು.

ಗಿಂಜಿಯ ಹೆಂಡತಿ ಇಕು ಒಳಕ್ಕೆ ಕರೆದು ಕೂರಿಸಿದಳು. ಸೋಯಾ ಹಾಲಿನ ಹಬೆಯಲ್ಲಿ ಮನೆಯೆಲ್ಲ ಬೆವರುತ್ತಿತ್ತು. ಒಳಕೋಣೆಯ ಹಿರಿಯರ ಪೀಠದ ಮೇಲೆ, ಗಿಂಜಿಯ ಅಪ್ಪ ಅಮ್ಮನ ಹೆಸರಿನ ಫಲಕಗಳ ಮುಂದೆ, ಇಸೋಯಾದ ಚೀಟಿ ಇತ್ತು. ಓದಿ ಮತ್ತೆ ಲಕೋಟೆಗೇ ಸೇರಿಸಿ ಇಟ್ಟಿದ್ದರು. ಪಕ್ಕದಲ್ಲಿ ಜೂನಿನ ಕಾರ್ಡು.

"ಇದನ್ನ ಬಳಸೋದು ಬಿಟ್ಟು ಪೂಜೆ ಮಾಡ್ತಿದೀರಾ ಮಾವ?" ಮಾಸುಮಿ ನಗಲು ನೋಡಿದಳು.

ಗಿಂಜಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. "ಬಿಸಾಕೋಕಾಗಲ್ಲ, ಇಟ್ಕೊಳ್ಳೋಕಾಗಲ್ಲ. ಎಲ್ಲಿಡೋದು ಹೇಳು?"

"ಯಾಕೆ ಬರ್ಲಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಡಿ. ಬೈದ್ರೂ ಸರಿ. ಹೇಳ್ದೇ ಇದ್ರೆ ನಾನು ಇಲ್ಲಿಂದ ಏಳಲ್ಲ."

"ಹೇಳಿಬಿಡಿ ಅತ್ಲಾಗೆ," ಅಂದಳು ಇಕು ಗಂಡನಿಗೆ. "ಪಾಪ, ಅವಳಿಗೆ ನಿಜವಾಗ್ಲೂ ಗೊತ್ತಿಲ್ಲ ಅನ್ಸುತ್ತೆ."

"ಗೊತ್ತಿಲ್ವಾ?" ಮುದುಕ ಅವಳನ್ನೇ ನೋಡಿದ. "ವರ್ಷ ತುಂಬೋ ಮುಂಚೆ ಕುನಿಜೊನ ಮನೇಲಿ ಕೂತು, ಹೊಟ್ಟೆ ತುಂಬ ಕುಡಿದು, ಬಿಸಿನೀರಲ್ಲಿ ಮುಳುಗಿ ಹಾಡು ಹೇಳೋಕೆ ಯಾರಿಗಮ್ಮ ಮನಸ್ಸು ಬರುತ್ತೆ? ವರ್ಷಾಬ್ದಿಕ ಆಗ್ಲಿ, ಎಲ್ಲರೂ ಒಟ್ಟಿಗೆ ಹೋಗಿ ಅವನ ಹೆಸರಲ್ಲಿ ಒಂದು ರಾತ್ರಿ ಕಳೆಯೋಣ ಅಂತ ನಾವು ಮಾತಾಡ್ಕೊಂಡಿದ್ವಿ. ಚೀಟಿ ತೆಗೆದು ನೋಡ್ತೀವಿ, ವರ್ಷ ತುಂಬೋ ಮುಂಚೆನೇ ಮುಗೀತದೆ! ಓಹೋ, ಬರಬೇಡಿ ಅಂತ ಮನೆಯವರು ಮರ್ಯಾದೆಯಾಗಿ ಹೇಳ್ತಿದಾರೆ ಅಂದ್ಕೊಂಡ್ವಿ. ಬೇಡ ಅಂದ ಮನೆಗೆ ಸಂಘದ ಕೂಟ ತಗೊಂಡು ಹೋಗೋದು ಹೇಗೆ?"

"ಅಯ್ಯೋ! ಮತ್ತೆ ಜುಲೈಗೆ ಮುಂದಕ್ಕೆ ಹಾಕಿದ್ನಲ್ಲ?"

"ಆಗಸ್ಟಲ್ಲಿ ಅವನ ಮೊದಲನೇ ಬೋನು. ಸತ್ತವನು ಮನೆಗೆ ಬರೋ ದಿನಗಳು. ಅದಕ್ಕೆ ಸರಿಯಾಗಿ ಮುಂಚೆ ಬಾಗಿಲು ಹಾಕಿದ್ರಿ. ಎರಡನೇ ಸಲ ಬೇರೆ ಕಾರ್ಡು ಹಾಕಿ ಹೇಳಿದ್ರಿ, ಅರ್ಥ ಆಯ್ತಾ ಇಲ್ವಾ ಅಂತ ಕೇಳಿದ ಹಾಗೆ."

ಮಾಸುಮಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. "ನನ್ನ ಬುದ್ಧಿಗಿಷ್ಟು! ನನಗೆ ಹೊಳೀಲೇ ಇಲ್ಲ ಮಾವ. ಯಾರಾದ್ರೂ ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ನಿನಗೆ ಹೊಳೀದೇ ಇರಬಹುದು," ಅಂದ ಗಿಂಜಿ. "ತೋಮಿಯೆ ಅಕ್ಕನಿಗೆ ಹೊಳೀದೇ ಇರುತ್ತಾ? ಅವಳು ನೋಡ್ದೇ ಆ ಮನೆಯಿಂದ ಒಂದು ಕಾಗದ ಹೊರಗೆ ಹೋಗುತ್ತಾ? ಅದಕ್ಕೇ ನಾವು ಸುಮ್ಮನಾಗಿದ್ದು."

ಅವತ್ತು ಸಂಜೆಯ ಊಟಕ್ಕೆ ತಾಕುಜಿ ಬದನೆಕಾಯಿ ಸುಟ್ಟಿದ್ದ. ಯಾರೂ ಮುಟ್ಟಲಿಲ್ಲ.

"ನಿಮಗೆ ಗೊತ್ತಿತ್ತಾ ಅತ್ತೆ?" ಮಾಸುಮಿ ನಿಂತೇ ಕೇಳಿದಳು.

"ಏನು?"

"ಆ ತಾರೀಕು ನೋಡಿದ್ರೆ ಜನ ಏನಂದ್ಕೋತಾರೆ ಅಂತ."

ತೋಮಿಯೆ ಬಟ್ಟಲು ಕೆಳಗಿಟ್ಟಳು. "ಗೊತ್ತಿತ್ತು."

"ಗೊತ್ತಿದ್ದೂ ನನ್ನ ಪಕ್ಕ ಕೂತು ಅಂಟು ಹಚ್ಚಿದ್ರಾ? ನಾನು ಊರವರ ಮುಂದೆ ಮಂಗ ಆಗ್ಲಿ ಅಂತಾನಾ? ಇಷ್ಟು ವರ್ಷ ನಿಮಗೆ ಎದುರಾಡದೆ ಇದ್ದಿದ್ದಕ್ಕೆ ಇದಾ ಬಹುಮಾನ?"

"ಎದುರಾಡದೆ? ನೀನಾ?" ತೋಮಿಯೆಯ ಧ್ವನಿ ಏರಿತು. "ಎಲ್ಲಾ ಬಲ್ಲವಳು ನೀನು. ಸಂಘದವನನ್ನ ಕೇಳ್ದೆ, ಅಚ್ಚು ಹಾಕೋನನ್ನ ಕೇಳ್ದೆ. ನನ್ನನ್ನ ಕೇಳಿದ್ಯಾ?"

"ಅಮ್ಮ, ಇದು ಸರಿಯಲ್ಲ," ಅಂದ ತಾಕುಜಿ. "ಮನೆ ಮುಚ್ಚೋ ಹೊತ್ತು ಬಂದಿದೆ. ಅವಳನ್ನ ಸೋಲಿಸೋಕೆ ಮನೇನೇ ಮುಳುಗಿಸ್ತೀಯಾ?"

"ಸೋಲಿಸೋಕಲ್ಲ ಕಣೋ!"

"ಮತ್ತೇನಕ್ಕೆ ಅಜ್ಜಿ?" ಚಿಜುರು ಕೇಳಿದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ, ನಿಜವಾಗಿ ತಿಳಿಯುವ ಆಸೆ ಇತ್ತು. ಅದಕ್ಕೇ ಇರಬೇಕು, ಮುದುಕಿ ಉತ್ತರ ಕೊಟ್ಟಳು.

"ಅವರು ಬರೋದು ನನಗೆ ಬೇಡವಾಗಿತ್ತು. ಆ ಗಿಂಜಿ ಬರ್ತಾನೆ, ನಿಮ್ಮಜ್ಜ ಕೂರೋ ಕಂಬದ ಪಕ್ಕ ಕೂರ್ತಾನೆ. ನಿಮ್ಮಜ್ಜನ ಹಾಡನ್ನೇ ಹಾಡ್ತಾನೆ. ಎಲ್ಲರೂ ನಗ್ತಾರೆ. ಅಷ್ಟು ಜನದ ಮಧ್ಯೆ ನಿಮ್ಮಜ್ಜ ಒಬ್ಬ ಇರಲ್ಲ. ಅದನ್ನ ನಾನು ತಟ್ಟೆ ಹಿಡ್ಕೊಂಡು ನಿಂತು ನೋಡ್ಬೇಕಾ? ನನ್ನ ಕೈಲಾಗಲ್ಲ. ಆ ತಾರೀಕು ನೋಡಿದಾಗ, ಸದ್ಯ, ಯಾರೂ ಬರಲ್ಲ ಅಂತ ಜೀವ ತಂಪಾಯ್ತು. ಊರವರು ತಪ್ಪು ತಿಳ್ಕೊಂಡಿಲ್ಲ. ಸರಿಯಾಗೇ ತಿಳ್ಕೊಂಡಿದಾರೆ."

ಮಾಸುಮಿಗೆ ಅತ್ತೆಯ ಮೇಲೆ ಸಿಟ್ಟೂ ಬಂತು, ಅಳುವೂ ಬಂತು, ಯಾವುದನ್ನು ಮೊದಲು ಮಾಡಬೇಕೋ ತಿಳಿಯದೆ ಬದನೆಕಾಯಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲಿನ ವಾರಗಳಲ್ಲಿ ಅತ್ತೆ ಸೊಸೆ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಉಪ್ಪು ಬೇಕಾದರೂ ಚಿಜುರು ಮೂಲಕವೇ. "ಅಜ್ಜಿಗೆ ಹೇಳು, ಸ್ನಾನದ ನೀರು ಕಾದಿದೆ ಅಂತ." "ನಿಮ್ಮಮ್ಮಂಗೆ ಹೇಳು, ನಂಗೆ ಕಿವಿ ಕೇಳುತ್ತೆ ಅಂತ." ಅಂಚೆ ಕಚೇರಿಯಲ್ಲಿ ದುಡಿದು ಬಂದು ಮನೆಯಲ್ಲೂ ಅಂಚೆಯವಳ ಕೆಲಸವೇ ಆಯ್ತಲ್ಲ ಎಂದು ಹುಡುಗಿ ಗೊಣಗಿದಳು. ಅಷ್ಟಾದರೂ ಮಾಸುಮಿ ಅತ್ತೆಯ ಗಂಜಿಗೆ ಉಪ್ಪು ಕಡಿಮೆ ಹಾಕುವುದನ್ನು ಮರೆಯಲಿಲ್ಲ. ತೋಮಿಯೆಯೂ ಸೊಸೆಯ ಏಪ್ರನ್ನಿನ ಹರಿದ ಜೇಬು ಹೊಲಿದು ಮೊಳೆಗೆ ನೇತುಹಾಕಿದಳು. ಇಬ್ಬರೂ ಇದನ್ನು ನೋಡಿಲ್ಲವೆಂಬಂತೆ ಓಡಾಡಿಕೊಂಡಿದ್ದರು. ತಾಕುಜಿ ಲಾರಿ ಕೆಲಸಕ್ಕೆ ವೈದ್ಯರ ತಪಾಸಣೆ ಮಾಡಿಸಿಕೊಂಡು ಬಂದ.

ಆಗಸ್ಟ್ ಬಂತು. ಬೋನ್ ದಿನ ಬೆಳಿಗ್ಗೆಯಿಂದ ಮಾಸುಮಿ ಒಲೆ ಆರಿಸಲಿಲ್ಲ. ಕುಂಬಳಕಾಯಿ, ತಾವರೆ ಗೆಡ್ಡೆ, ಕರಿದ ತೋಫು, ತಣ್ಣನೆಯ ಶ್ಯಾವಿಗೆ. ದೊಡ್ಡ ಹಜಾರದಲ್ಲಿ ಸಾಲಾಗಿ ಊಟದ ಮಣೆ ಹಾಕಿದಳು.

"ಯಾರು ತಿಂತಾರಂತೆ ಇಷ್ಟೆಲ್ಲ?" ತೋಮಿಯೆ ಬಾಗಿಲಲ್ಲಿ ನಿಂತು ಕೇಳಿದಳು. ನೇರವಾಗಿ ಸೊಸೆಗೇ ಕೇಳಿದ್ದು.

"ಬಂದ್ರೆ ಅವರು ತಿಂತಾರೆ," ಅಂದಳು ಮಾಸುಮಿ ತಲೆಯೆತ್ತದೆ. "ಬರದೇ ಇದ್ರೆ ನಾವು ಒಂದು ವಾರ ಇದನ್ನೇ ತಿನ್ನೋದು. ಆಮೇಲೆ ಹೇಗೂ ಬೀಗ ಹಾಕೋದಿದೆಯಲ್ಲ."

ಸಂಜೆ ಊರು ಬಂತು. ಮೊದಲನೇ ಬೋನಿಗೆ ಬರದೇ ಇರಲು ಯಾರಿಗೂ ಆಗುವುದಿಲ್ಲ. ಒಬ್ಬೊಬ್ಬರೇ ಒಳಗೆ ಬಂದು, ಕುನಿಜೊನ ಚಿತ್ರದ ಮುಂದೆ ಮಂಡಿಯೂರಿ, ಊದುಬತ್ತಿ ಹಚ್ಚಿ, ಕೈಮುಗಿದು, ತೋಮಿಯೆಗೆ ತಲೆಬಾಗಿಸಿ ಹೊರಟರು. "ಊಟ ಮಾಡ್ಕೊಂಡು ಹೋಗಿ," ಅಂದಳು ಮಾಸುಮಿ ಪ್ರತಿಯೊಬ್ಬರಿಗೂ. "ಇಲ್ಲಮ್ಮ, ಮನೇಲಿ ಕಾಯ್ತಿದಾರೆ." "ಇನ್ನೊಂದು ದಿನ." "ತೊಂದರೆ ಯಾಕೆ." ಹೇಳುವಾಗ ಎಲ್ಲರ ಕಣ್ಣೂ ಒಂದು ಸಲ ತೋಮಿಯೆಯ ಕಡೆ ಹೋಗಿ ಬರುತ್ತಿತ್ತು. ಮಣೆಗಳು ಸಾಲಾಗಿ ಖಾಲಿ ಇದ್ದವು. ತಾಕುಜಿ ಅಡುಗೆಮನೆಯ ಬಾಗಿಲಿನಿಂದ ನೋಡಿ, ಹೆಂಡತಿಯ ಮುಖ ನೋಡಲಾರದೆ ಒಳಗೆ ಸರಿದ.

ಗಿಂಜಿ ಬಂದ. ಬಹಳ ಹೊತ್ತು ಕೈಮುಗಿದು ಕೂತಿದ್ದ. ಎದ್ದು, ತಲೆಬಾಗಿಸಿ, ಹೊಸಿಲ ಬಳಿ ಹೋಗಿ ಬಗ್ಗಿ ಚಪ್ಪಲಿಗೆ ಕಾಲು ತೂರಿಸತೊಡಗಿದ. ವಯಸ್ಸಾದ ಕಾಲು, ಚಪ್ಪಲಿ ಸಿಗುತ್ತಿರಲಿಲ್ಲ. ತೋಮಿಯೆ ಕೂತಲ್ಲಿಂದ ಅವನ ಬಾಗಿದ ಬೆನ್ನನ್ನೇ ನೋಡುತ್ತಿದ್ದಳು. ಕುನಿಜೊನನ್ನು ಕಳೆದುಕೊಂಡಿದ್ದು ತಾನೊಬ್ಬಳೇ ಅಲ್ಲ, ಇವನೂ ಎಂದು ಅವಳಿಗೆ ಆಗ ಅನ್ನಿಸಿತಂತೆ. ಆಮೇಲೆ ಅವಳೇ ಇಕುಗೆ ಹೇಳಿದ್ದು.

"ಗಿಂಜೀ," ಅಂದಳು.

ಮುದುಕ ತಿರುಗಿದ. ಅಂಗಳದಲ್ಲಿ ಹೊರಟಿದ್ದವರೂ ನಿಂತರು.

"ನಿನ್ನ ಚೀಟಿ ಎಲ್ಲಿ?"

"ಮನೇಲಿದೆ ಅಕ್ಕ."

"ಹೋಗಿ ತಗೊಂಡು ಬಾ. ಇವತ್ತು ಇಲ್ಲೇ ಉಣ್ಣು, ಇಲ್ಲೇ ಮಲಗು."

"ತಾರೀಕು ಮುಗೀತಲ್ಲಕ್ಕ," ಅಂದ ಗಿಂಜಿ ಮೆಲ್ಲಗೆ.

"ತಾರೀಕು ಮುಗಿದಿದ್ದು ನನ್ನ ಗಂಡಂದು ಕಣೋ, ನಿಂದಲ್ಲ." ತೋಮಿಯೆ ಎದ್ದು ಹೊಸಿಲಿಗೆ ಬಂದಳು. ಅಂಗಳದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು, "ಅದು ನನ್ನ ಸೊಸೆಯ ತಪ್ಪಲ್ಲ. ನನಗೆ ನಿಮ್ಮ ಮುಖ ನೋಡೋ ಧೈರ್ಯ ಇರ್ಲಿಲ್ಲ, ಅದಕ್ಕೆ ಬಾಯಿ ಮುಚ್ಕೊಂಡಿದ್ದೆ. ಅವಳು ಬೆಳಿಗ್ಗೆಯಿಂದ ಒಲೆ ಮುಂದೆ ಬೆಂದಿದಾಳೆ. ಬನ್ನಿ ಒಳಗೆ."

ಗಿಂಜಿ ಕಾಲಿಗೆ ಹತ್ತಿದ್ದ ಒಂದು ಚಪ್ಪಲಿಯನ್ನೂ ಕಳಚಿದ. ಚೀಟಿ ತರಲು ಹೋಗಲೇ ಇಲ್ಲ, ನೇರ ಒಳಗೆ ಬಂದು ಕಂಬದ ಪಕ್ಕದ ಜಾಗ ಬಿಟ್ಟು ಅದರಾಚೆ ಕೂತ. ಅವನ ಹಿಂದೆ ಸಂಘದ ಕಾರ್ಯದರ್ಶಿ ಬಂದ. ಆಮೇಲೆ ಇಕು, ಆಮೇಲೆ ಅಂಗಳದಲ್ಲಿ ನಿಂತವರೆಲ್ಲ. ಮನೆ ಸೇರಿದವರನ್ನು ಕರೆತರಲು ಯಾರೋ ಓಡಿದರು. ತಾಕುಜಿ ಲಾರಿಯ ಮಾತು ಮರೆತು ಮೀನಿನ ಚೂರಿ ಹುಡುಕತೊಡಗಿದ. ಅಕ್ಕಿ ಹೆಂಡದ ಬಾಟಲಿಗಳು ಒಂದರ ಹಿಂದೊಂದು ಹೋದವು.

ಸ್ವಲ್ಪ ಹೊತ್ತಿಗೆ ಹಜಾರದಿಂದ ನಗು ಕೇಳಿತು. ಅದರ ಹಿಂದೆಯೇ ಗಿಂಜಿಯ ಒಡಕು ಗಂಟಲಿನ ಹಾಡು. ಕುನಿಜೊನ ಹಾಡು. ಎಲ್ಲರೂ ಚಪ್ಪಾಳೆ ತಟ್ಟುತ್ತಾ ಸೇರಿಕೊಂಡರು.

ತೋಮಿಯೆ ಕೈಯಲ್ಲಿದ್ದ ಖಾಲಿ ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ತೊಟ್ಟಿಯ ಅಂಚು ಹಿಡಿದು ನಿಂತಳು. ಮಾಸುಮಿ ಹತ್ತಿರ ಬಂದಳು.

"ತಡೆಯೋಕಾಗ್ತಿಲ್ಲ ಕಣೇ," ಅಂದಳು ಮುದುಕಿ. "ಕೇಳೋಕಾಗ್ತಿಲ್ಲ."

"ಕಳಿಸಿಬಿಡ್ಲಾ ಅಮ್ಮ? ನಾನು ಹೇಳ್ತೀನಿ, ಅವರಿಗೆ ಅರ್ಥ ಆಗುತ್ತೆ."

ಹಜಾರದಲ್ಲಿ ಹಾಡು ಎರಡನೆಯ ಚರಣಕ್ಕೆ ಏರಿತು. ತೋಮಿಯೆ ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡಳು.

"ಬೇಡ," ಅಂದಳು. "ಇನ್ನಷ್ಟು ಅನ್ನಕ್ಕಿಡು."